ಇಂಜಿನ್ ಸೊಸೆ

ನನಗೆ ನನ್ನ ವಾರಗಿತ್ತಿಯ ಮೇಲೆ ಹೊಟ್ಟೆಕಿಚ್ಚಿತ್ತು. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ಆಮೇಲೆ ನೀವು ಪತ್ತೆಹಚ್ಚಿ ಬೀಗುವುದು ಬೇಡ. ಅವಳ ಬಣ್ಣಕ್ಕಲ್ಲ, ಒಡವೆಗಲ್ಲ, ಅವೆರಡರಲ್ಲೂ ನನ್ನದೇ ಒಂದು ಕೈ ಮೇಲಿತ್ತು. ನನ್ನ ಹೊಟ್ಟೆಗೆ ಬೆಂಕಿ ಹಚ್ಚಿದ್ದು ಒಂದು ಇಂಜಿನ್ನು. ಬಾವಿಯಿಂದ ನೀರೆತ್ತುವ, ಇಬ್ಬರು ಹಿಡಿದರೆ ಹೊತ್ತುಕೊಂಡು ಹೋಗಬಹುದಾದಷ್ಟು ಚಿಕ್ಕ ಇಂಜಿನ್ನು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಲಗ್ಗೆರೆಯ ಆಚೆಗೆ ನಮ್ಮ ಜಮೀನು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪೀಣ್ಯದ ಕಾರ್ಖಾನೆಗಳಿಗೆ ಹೋಗಿ ಎರಡು ಎಕರೆ ಉಳಿದಿತ್ತು, ಅದರ ಬದುವಿಗೇ ಒಂದು ಕಾರ್ಖಾನೆಯ ಕಾಂಪೌಂಡು ಎದ್ದಿತ್ತು. ನನ್ನ ಗಂಡ, ಮೈದುನ ಇಬ್ಬರಿಗೂ ಅಲ್ಲೇ ಶಿಫ್ಟಿನ ಕೆಲಸ. ಗಂಡಸರು ಸೈರನ್ನಿಗೆ ಏಳುವವರಾದರು, ಹೊಲ ಹೆಂಗಸರ ಪಾಲಿಗೆ ಬಂತು. ಹೆಂಗಸರು ಅಂದರೆ ನಾನೊಬ್ಬಳೇ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು, ಮಾವನಿಗೆ ಮಂಡಿನೋವು. ಆರು ವರ್ಷ ಸೊಪ್ಪು, ಹುರುಳಿಕಾಯಿ, ಬದನೆ ಎಲ್ಲ ನನ್ನ ಕೈಯಲ್ಲೇ ಬೆಳೆದವು. ಯಾರು ಏನು ಕೇಳಲು ಬಂದರೂ ಮಾವ ಕೂತಲ್ಲಿಂದಲೇ "ದೊಡ್ಡೋಳ್ನ ಕೇಳಿ" ಅನ್ನುತ್ತಿದ್ದರು. ಆ ಎರಡು ಮಾತು ಕೇಳುವುದಕ್ಕೆ ನಾನು ಬಿಸಿಲಲ್ಲಿ ಬೆನ್ನು ಬಗ್ಗಿಸುತ್ತಿದ್ದೆ ಅಂದರೂ ತಪ್ಪಿಲ್ಲ.

ಮೇಯಿಸಲು ಜಾಗ ಇಲ್ಲವಾದ ಮೇಲೆ ಎತ್ತು ಮಾರಿದೆವು, ಎತ್ತು ಕಟ್ಟಿ ಬಾವಿಯಿಂದ ನೀರೆಳೆಯುವ ಕಪಿಲೆ ನಿಂತಿತು. ಕರೆಂಟಿಗೆ ಅರ್ಜಿ ಕೊಟ್ಟಿದ್ದೆವು, ಅದು ಬರುವಾಗ ಬರಲಿ ಎಂದು ಮಾವ ಆ ಇಂಜಿನ್ನು ತಂದರು. ಅದೇ ವರ್ಷ ಮೈದುನನ ಮದುವೆಯಾಗಿ ವಾರಗಿತ್ತಿ ಮನೆಗೆ ಬಂದು ಐದಾರು ತಿಂಗಳಾಗಿತ್ತು. ತಲೆ ಎತ್ತಿ ಮಾತಾಡದ ಹುಡುಗಿ. ಪಾತ್ರೆ ತೊಳೆಯುವುದು, ರಾಗಿ ಬೀಸುವುದು, ನಾನು ಹೇಳಿದ್ದಕ್ಕೆಲ್ಲ "ಹೂಂ ಅಕ್ಕ" ಅನ್ನುವುದು. ಆಗ ಅವಳೆಂದರೆ ನನಗೆ ಇಷ್ಟವೇ ಇತ್ತು, ನಿಜ ಹೇಳಬೇಕು.

ಅಂಗಡಿಯ ಮೆಕ್ಯಾನಿಕ್ಕು ಬಂದು ಬಾವಿಯ ಕಟ್ಟೆಯ ಮೇಲೆ ಇಂಜಿನ್ನು ಕೂರಿಸಿ ಪಾಠ ಹೇಳಿದ. ಚಕ್ರಕ್ಕೆ ಹಗ್ಗ ಸುತ್ತಿ ಎಳೆಯಬೇಕು. ಶುರುವಾಗುವುದು ಪೆಟ್ರೋಲಿನಲ್ಲಿ, ಕಾದ ಮೇಲೆ ತಿರುಪು ತಿರುಗಿಸಿ ಸೀಮೆಎಣ್ಣೆಗೆ ಬಿಡಬೇಕು. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತಂದು ನಿಲ್ಲಿಸಬೇಕು, ಇಲ್ಲವಾದರೆ ಒಳಗೆ ಸೀಮೆಎಣ್ಣೆ ನಿಂತು ಮಾರನೇ ದಿನ ಹಟ ಹಿಡಿಯುತ್ತದೆ.

"ಇದು ಏರ್‌ಕೂಲ್ಡು ಕಣ್ರೀ ಯಜಮಾನ್ರೇ. ಗಾಳೀಲೇ ತಣ್ಣಗಾಗುತ್ತೆ. ನೀರು ಬೇಡ" ಅಂದ.

ಮಾವ ನಂಬಲಿಲ್ಲ. ಪಕ್ಕದ ತೋಟದ ದೊಡ್ಡ ಡೀಸೆಲ್ ಇಂಜಿನ್ನು ಒಂದು ಪೈಪಿನಲ್ಲಿ ನೀರು ಕುಡಿದು ಇನ್ನೊಂದರಲ್ಲಿ ಬಿಸಿನೀರು ಉಗುಳುವುದನ್ನು ನಾವೆಲ್ಲ ನೋಡಿದ್ದೆವು. "ನೀರೆತ್ತೋ ಮಿಷಿನ್ನು, ಅದೇ ನೀರು ಕುಡಿಯಾಕಿಲ್ಲ ಅಂದ್ರೆ ಎಂಗಯ್ಯಾ?" ಅಂದರು. ಮೆಕ್ಯಾನಿಕ್ಕು ನಕ್ಕು, ಸಿಲಿಂಡರಿನ ಸುತ್ತ ಇದ್ದ ತೆಳ್ಳನೆಯ ರೆಕ್ಕೆಗಳನ್ನು ತೋರಿಸಿದ. ಚಕ್ರದೊಳಗೇ ಫ್ಯಾನಿದೆ, ಅದು ಜಾಲರಿಯಿಂದ ಗಾಳಿ ಎಳೆದು ಈ ರೆಕ್ಕೆಗಳ ಮೇಲೆ ಊದುತ್ತದೆ ಅಂದ. ಮಾವ ಹಗ್ಗವನ್ನು ನನ್ನ ಕೈಗೆ ಕೊಟ್ಟರು. "ದೊಡ್ಡೋಳೇ, ಇನ್ನಿದು ನಿಂದು."

ಮಾರನೇ ಬೆಳಿಗ್ಗೆ ಅದು ನನ್ನದಾಗಲು ಒಪ್ಪಲಿಲ್ಲ. ಎಳೆದೆ, ಎಳೆದೆ, ಹತ್ತಿಪ್ಪತ್ತು ಸಲ ಎಳೆದೆ. ಒಂದು ಸಲ ಹಗ್ಗ ಹಿಂದಕ್ಕೆ ಜಗ್ಗಿ ಅಂಗೈ ಸುಲಿಯಿತು. ಮಾವ ಬದುವಿನ ಮೇಲೆ ಕೂತು "ಇದೇನವ್ವ ಇಂಗೆ ಮಲಗ್ಬುಡ್ತು?" ಅನ್ನುತ್ತಿದ್ದರು. ಪಕ್ಕದ ತೋಟದವರು ಬೇಲಿಯ ಹತ್ತಿರ ಬಂದು ನಿಂತರು. ಅಷ್ಟರಲ್ಲಿ ಬುತ್ತಿ ತಂದಿದ್ದ ವಾರಗಿತ್ತಿ ಬುಟ್ಟಿ ಇಳಿಸಿ ಹತ್ತಿರ ಬಂದಳು.

"ಅಕ್ಕಾ, ಒಂದ್ಸಲ ನಾನು ನೋಡ್ಲಾ?"

ನಾನು ನೋಡು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಅವಳು ಪ್ಲಗ್ಗು ಬಿಚ್ಚಿ ಮೂಸಿದಳು. "ಪೆಟ್ರೋಲು ಕುಡ್ದುಬಿಟ್ಟಿದೆ" ಅಂದಳು. ಸೆರಗಿನಲ್ಲಿ ಒರೆಸಿ, ಬಿಸಿಲಿಗೆ ಕಾದ ಕಲ್ಲಿನ ಮೇಲೆ ಇಟ್ಟು, ಪ್ಲಗ್ಗಿಲ್ಲದ ಇಂಜಿನ್ನನ್ನೇ ನಾಲ್ಕು ಸಲ ಎಳೆದಳು. ಆಮೇಲೆ ಪ್ಲಗ್ಗು ಕೂರಿಸಿ, ಹಗ್ಗ ಸುತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದೇ ಎಳೆತ. ಡಬಡಬ ಅಂತ ಹೊರಟಿತು. ಪೈಪಿನ ಬಾಯಲ್ಲಿ ನೀರು ಬಂದಾಗ ಮಾವ ಮಂಡಿನೋವು ಮರೆತು ಎದ್ದು ನಿಂತರು.

ಅವಳ ಅಪ್ಪನದು ತುಮಕೂರು ರಸ್ತೆಯಲ್ಲಿ ಪಂಪು ರಿಪೇರಿಯ ಶೆಡ್ಡಂತೆ. ಗಂಡುಮಕ್ಕಳಿಲ್ಲದ ಮನೆ, ಸ್ಪ್ಯಾನರ್ ಎತ್ತಿಕೊಡುತ್ತಾ ಬೆಳೆದವಳು. ಮದುವೆಯ ಮಾತುಕತೆಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ಹೆಣ್ಣು ನೋಡಲು ಹೋದವರು ಹಾಡು ಬರುತ್ತಾ ಅಂತ ಕೇಳಿದ್ದರೇ ಹೊರತು ಕಾರ್ಬೊರೇಟರ್ ಬಿಚ್ಚಲು ಬರುತ್ತಾ ಅಂತ ಕೇಳಿರಲಿಲ್ಲ. ಆ ದಿನ ಸಂಜೆ ಮಾವ ಊರ ಅರಳಿಕಟ್ಟೆಯಲ್ಲಿ ಕೂತು "ನಮ್ ಇಂಜಿನ್ ಸೊಸೆ" ಅಂದರಂತೆ. ಆ ಹೆಸರು ಅವಳಿಗೆ ಅಂಟಿಕೊಂಡಿತು. ನಾನು ಆರು ವರ್ಷ ದುಡಿದಿದ್ದೆ, ನನಗೆ ಅಂಥ ಹೆಸರು ಯಾರೂ ಇಟ್ಟಿರಲಿಲ್ಲ.

ಹಗ್ಗ ಅವಳ ಕೈಗೆ ಹೋಯಿತು. ಇಂಜಿನ್ನಿಗೆ ಅವಳು ಮಾಡುತ್ತಿದ್ದ ಆರೈಕೆ ನೋಡಿ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ದಿನಾ ಎಣ್ಣೆಯ ಕಡ್ಡಿ ಎತ್ತಿ ಒರೆಸಿ ಮತ್ತೆ ಅದ್ದಿ ನೋಡುವಳು. ಪ್ಲಗ್ಗಿನ ಮಸಿಯನ್ನು ಉಪ್ಪುಕಾಗದದಲ್ಲಿ ಉಜ್ಜುವಳು. ಗಾಳಿ ಸೋಸುವ ಸ್ಪಂಜನ್ನು ಸೀಮೆಎಣ್ಣೆಯಲ್ಲಿ ಹಿಂಡಿ ಒಣಗಿಸುವಳು. ವಾರಕ್ಕೊಂದು ಸಲ ಮೇಲಿನ ತಗಡು ಬಿಚ್ಚಿ, ತೆಂಗಿನ ಕಡ್ಡಿಯಲ್ಲಿ ಒಂದೊಂದೇ ರೆಕ್ಕೆಯ ಸಂದಿನಿಂದ ದೂಳು, ಹುಲ್ಲು ತೆಗೆಯುವಳು. ಬಾಣಂತಿ ಮಗುವಿನ ಕಿವಿ ಒರೆಸಿದ ಹಾಗೆ ಅಷ್ಟು ನಿಧಾನ. ಆಮೇಲೆ ಅದೇ ಕೈ ತೊಳೆದು ಮುದ್ದೆ ಕಟ್ಟುವಳು. ಮುದ್ದೆ ಸೀಮೆಎಣ್ಣೆ ವಾಸನೆ ಅಂತ ನಾನು ಮೂಗು ಮುರಿದರೆ ಮಾವ "ನಂಗೇನೂ ಬರ್ತಿಲ್ವಲ್ಲವ್ವ" ಅನ್ನುವರು. ನನ್ನ ಸಾರಿಗೆ ಒಂದು ಕಲ್ಲು ಉಪ್ಪು ಜಾಸ್ತಿಯಾದರೆ ಮಾತ್ರ ಅವರ ನಾಲಿಗೆಗೆ ಗೊತ್ತಾಗುತ್ತಿತ್ತು.

ಪಕ್ಕದ ತೋಟದವರು ಅವಳನ್ನು ಕರೆಯಲು ಬರತೊಡಗಿದರು. ನನ್ನ ಗಂಡನೂ ಸೆಕೆಂಡ್ ಶಿಫ್ಟ್ ಮುಗಿಸಿ ಬಂದು ಊಟಕ್ಕೆ ಕೂತಾಗ, "ನೋಡೇ, ನಮ್ ಫ್ಯಾಕ್ಟ್ರೀಲಿ ಇಂಥ ಕೈ ಇನ್ನಿಬ್ರಿದ್ರೆ ಸಾಕು, ಮಿಷಿನ್ನು ನಿಲ್ಲೋದೇ ಇಲ್ಲ" ಅಂದ. ಅವನ ತಟ್ಟೆಗೆ ತುಪ್ಪ ಬಡಿಸಲು ಎತ್ತಿದ್ದ ಕೈ ಅಲ್ಲೇ ನಿಂತಿತು. ಅವತ್ತು ಅವನು ತುಪ್ಪವಿಲ್ಲದೆ ಉಂಡ.

ಅವಳು ಜಂಭ ಪಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಜಗಳ ತೆಗೆದು ಬಾಯಿ ತುಂಬ ಬೈದು ಹಗುರಾಗುತ್ತಿದ್ದೆ. ಅವಳು ಮಾತ್ರ "ಅಕ್ಕಾ, ಬನ್ನಿ, ನಿಮಗೂ ಹೇಳ್ಕೊಡ್ತೀನಿ, ಬಲ ಬೇಡ, ಹಗ್ಗದ ಹದ ಗೊತ್ತಾದ್ರೆ ಸಾಕು" ಅಂತ ಕರೆಯುವಳು. "ನನಗ್ಯಾಕಮ್ಮ ಗಂಡಸರ ಕೆಲಸ" ಅಂತ ನಾನು ಮುಖ ತಿರುಗಿಸುವೆ. ಮಧ್ಯಾಹ್ನ ಅವಳು ಮನೆಯಲ್ಲಿದ್ದಾಗ ಒಬ್ಬಳೇ ಹೋಗಿ ಹಗ್ಗ ಸುತ್ತಿ ಎಳೆದು ನೋಡುವೆ. ಅದು ಒಂದು ಸಲ ಕೆಮ್ಮಿ ಸುಮ್ಮನಾಗುವುದು.

ಒಂದು ದಿನ ಅವಳು ಕಾಲುವೆ ತಿರುಗಿಸಲು ಹೋಗಿದ್ದಾಗ "ಅಕ್ಕಾ, ನಿಲ್ಲಿಸಿಬಿಡಿ" ಅಂತ ಕೂಗಿದಳು. ನಾನು ಪೆಟ್ರೋಲಿಗೆ ತರದೆ, ಸೀಮೆಎಣ್ಣೆಯಲ್ಲೇ ನಿಲ್ಲಿಸಿದೆ. ಮರೆತಿರಲಿಲ್ಲ, ಬೇಕೆಂದೇ ಮಾಡಿದೆ. ನಾಳೆ ಮಾವನ ಮುಂದೆ ಇವಳೂ ಇಪ್ಪತ್ತು ಸಲ ಎಳೆಯಲಿ ಅಂತ. ಮಾರನೇ ದಿನ ಅವಳು ಎಳೆದದ್ದು ಮೂರೇ ಸಲ. ಆಮೇಲೆ ಕಾರ್ಬೊರೇಟರಿನ ಕೆಳಗಿನ ಬಟ್ಟಲು ಬಿಚ್ಚಿ, ಬೆರಳು ಅದ್ದಿ ಮೂಸಿ, ಒಳಗಿದ್ದದ್ದನ್ನು ಚೆಲ್ಲಿ, ಪೆಟ್ರೋಲು ತುಂಬಿ ಶುರು ಮಾಡಿದಳು. ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿದಳು. "ಯಾಕವ್ವ ತಡ ಆಯ್ತು?" ಅಂತ ಮಾವ ಕೇಳಿದ್ದಕ್ಕೆ "ಚಳಿ ಮಾವ, ಅದಕ್ಕೂ" ಅಂದಳು. ಅವಳು ಚಾಡಿ ಹೇಳಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಯುಗಾದಿ ಬಂತು. ಮದುವೆಯಾದ ಮೇಲಿನ ಮೊದಲ ಯುಗಾದಿ, ಅವಳ ಅಪ್ಪ ಬಂದು ಎಂಟು ದಿನಕ್ಕೆ ಕರೆದುಕೊಂಡು ಹೋಗುವುದೆಂದಾಯಿತು. ಹೊಲದ ತುಂಬ ಹುರುಳಿಕಾಯಿ ಹೂವಿಗೆ ಬಂದಿತ್ತು. ಮುಂದಿನದು ಮದುವೆಗಳ ಕಾಲ, ಮಾರ್ಕೆಟ್ಟಿನಲ್ಲಿ ಹುರುಳಿಕಾಯಿಗೆ ಬೆಲೆ. ಆ ಬಿಸಿಲಿಗೆ ದಿನ ಬಿಟ್ಟು ದಿನ ನೀರು ಕೊಡದಿದ್ದರೆ ಹೂವೆಲ್ಲ ಉದುರಿ ಬರೀ ಬಳ್ಳಿ ಉಳಿಯುತ್ತಿತ್ತು. ಹೊರಡುವ ಹಿಂದಿನ ದಿನ ಅವಳು ತಗಡು ಬಿಚ್ಚಿ ರೆಕ್ಕೆಯೆಲ್ಲ ಶುದ್ಧ ಮಾಡಿ, ನನ್ನನ್ನು ಕರೆದು ಒಂದೊಂದೇ ಹೇಳಿದಳು. ಹೇಗೆ ಸುತ್ತುವುದು, ಎಲ್ಲಿ ಕಾಲು ಊರುವುದು, ಯಾವ ಸದ್ದಿಗೆ ಸೀಮೆಎಣ್ಣೆಗೆ ಬಿಡುವುದು.

"ಪಂಪಿಗೆ ಮೊದಲು ನೀರು ತುಂಬಿಸಿ ಅಕ್ಕ. ಇಂಜಿನ್ನಿಗೆ ಮಾತ್ರ ನೀರು ಹುಯ್ಯಬೇಡಿ, ಸೀಳು ಬಿಡುತ್ತೆ. ಎಷ್ಟು ಬಿಸಿಯಾದ್ರೂ ಹೆದರ್ಬೇಡಿ. ಗಾಳಿ ಆಡ್ತಿದ್ರೆ ಅದರ ಪಾಡಿಗದು ಇರುತ್ತೆ."

ನನ್ನ ಕಿವಿ ಕೇಳುತ್ತಿತ್ತು, ಮನಸ್ಸು ಮಾತ್ರ 'ನಿನ್ನೆ ಮೊನ್ನೆ ಬಂದವಳು ನನಗೆ ಪಾಠ ಹೇಳುತ್ತಾಳೆ' ಅನ್ನುತ್ತಿತ್ತು.

ಅವಳು ಹೋದ ಮಾರನೇ ದಿನ ನಾಲ್ಕನೇ ಎಳೆತಕ್ಕೆ ಇಂಜಿನ್ನು ನನ್ನ ಮಾತು ಕೇಳಿತು. ಅವತ್ತಿನ ಖುಷಿ ಇವತ್ತಿಗೂ ಮೈಯಲ್ಲಿದೆ. ಮಾವ ಬದುವಿನ ಮೇಲಿಂದ "ಭಲೇ ದೊಡ್ಡೋಳೇ" ಅಂದರು. ಎಷ್ಟು ತಿಂಗಳಾಗಿತ್ತು ಆ ಮಾತು ಕೇಳಿ! ಎರಡು ಸಲದ ನೀರನ್ನು ಹೀಗೇ ಹಾಯಿಸಿದೆ. ಮೂರನೆಯ ಸಲ ನನಗೆ ದುರಾಸೆ ಹತ್ತಿತು. ಅವಳು ಎರಡು ಗಂಟೆ ಓಡಿಸಿ ಬಿಡುವು ಕೊಡುತ್ತಿದ್ದಳು. ನಾನು ಒಂದೇ ಬೀಸಿಗೆ ಇಡೀ ಹೊಲ ಮುಗಿಸಿ ತೋರಿಸಬೇಕೆಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಮಾವ ಮಲಗಲು ಮನೆಗೆ ಹೋದರು. ಇಂಜಿನ್ನಿನ ಹತ್ತಿರ ನಿಲ್ಲಲಾರದಷ್ಟು ಝಳ. ಅದರ ಸಂಕಟ ನೋಡಿ ನನಗೆ ಪಾಪ ಅನ್ನಿಸಿತು, ಇದು ಸುಳ್ಳಲ್ಲ. ನಮ್ಮ ಮನೆಯಲ್ಲಿ ಬಿಸಿಲಿಗೆ ಕುಡಿಯುವ ನೀರಿನ ಹಂಡೆಗೆ ಒದ್ದೆ ಗೋಣಿ ಸುತ್ತುತ್ತಿದ್ದೆವು. ಉತ್ತು ಬಂದ ಎತ್ತಿನ ಬೆನ್ನಿಗೂ ಮಾವ ಒದ್ದೆ ಗೋಣಿ ಹಾಕುತ್ತಿದ್ದರು. ನೀರು ಹುಯ್ಯಬೇಡ ಅಂದಿದ್ದಾಳೆ ತಾನೇ, ನಾನು ಹುಯ್ಯುತ್ತಿಲ್ಲವಲ್ಲ ಅಂದುಕೊಂಡು, ಗೊಬ್ಬರದ ಗೋಣಿಯೊಂದನ್ನು ಬಾವಿಯಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಇಂಜಿನ್ನಿನ ಮೈತುಂಬ ಹೊದಿಸಿದೆ. ಅವಳಿಗೆ ಹೊಳೆಯದ ಉಪಾಯ ನನಗೆ ಹೊಳೆಯಿತು ಎಂಬ ಹೆಮ್ಮೆ ಬೇರೆ.

ಹೊಲದ ಆ ತುದಿಯಲ್ಲಿ ಕಾಲುವೆ ತಿರುಗಿಸುತ್ತಿದ್ದೆ. ಸದ್ದು ಭಾರವಾಯಿತು, ಆಮೇಲೆ ಕಿರುಗುಟ್ಟಿತು, ಆಮೇಲೆ ಒಮ್ಮೆಗೇ ನಿಂತಿತು. ಓಡಿ ಬಂದಾಗ ಗೋಣಿ ಹೊಗೆಯಾಡುತ್ತಿತ್ತು. ಅದರ ಒಂದು ಮೂಲೆಯನ್ನು ಜಾಲರಿ ಒಳಕ್ಕೆ ಎಳೆದುಕೊಂಡು, ಗಾಳಿಯ ದಾರಿಯೇ ಮುಚ್ಚಿಹೋಗಿತ್ತು. ಗೋಣಿ ಕಿತ್ತು, ಕೈ ಸುಟ್ಟುಕೊಂಡು, ಹಗ್ಗ ಸುತ್ತಿ ಎಳೆದೆ. ಚಕ್ರ ಕೂದಲೆಳೆಯಷ್ಟೂ ಅಲುಗಲಿಲ್ಲ. ಬೆಂದ ಗೋಣಿಯನ್ನು ಬೇಲಿಯ ಆಚೆ ಲಂಟಾನದ ಪೊದೆಯೊಳಗೆ ತುರುಕಿದೆ.

ಮಾವ ಬಂದು ಕೇಳಿದಾಗ ನನ್ನ ಬಾಯಿಂದ ಬಂದದ್ದು ಇದು: "ಹೋಗೋ ಹಿಂದಿನ ದಿನ ಅವಳು ಏನೇನೋ ಬಿಚ್ಕೊಂಡು ಕೂತಿದ್ಲು ಮಾವ. ಸರಿಯಾಗಿ ಹಾಕಿದ್ಲೋ ಇಲ್ವೋ." ಅವಳು ಬಿಚ್ಚಿದ್ದು ನಿಜ, ಮಾವನೂ ನೋಡಿದ್ದರು. ಅವರು ಇಂಜಿನ್ನಿನ ಸುತ್ತ ಒಂದು ಸುತ್ತು ಬಂದು, ನನ್ನ ಸುಟ್ಟ ಕೈ ನೋಡಿ ಹೊರಟುಹೋದರು.

ಮೈದುನನನ್ನು ಕಳಿಸಿ ಅವಳನ್ನು ಎರಡು ದಿನ ಮುಂಚೆಯೇ ಕರೆಸಿದರು. ಬಂದವಳು ಸೀರೆ ಬದಲಿಸದೆ ಹೊಲಕ್ಕೆ ಬಂದು ತಗಡು ಬಿಚ್ಚಿದಳು. ನಾವೆಲ್ಲ ಸುತ್ತ ನಿಂತಿದ್ದೆವು, ನನ್ನ ಗಂಡ, ಮೈದುನ, ಮಾವ. ಅವಳು ರೆಕ್ಕೆಯ ಸಂದಿನಿಂದ ಎರಡು ಬೆರಳಲ್ಲಿ ಏನನ್ನೋ ಎಳೆದು ಅಂಗೈ ಮೇಲೆ ಇಟ್ಟುಕೊಂಡಳು. ಕರಿಕಲಾದ ಗೋಣಿಯ ನಾರು. ಅಂಗೈಯನ್ನು ನನ್ನ ಕಡೆ ಚಾಚಿದಳು.

"ಏನಕ್ಕ ಇದು?"

ಹೇಳಲು ಅವಳು ನನಗೆ ಸಮಯ ಕೊಟ್ಟಳು. ನನಗೆ ಈಗ ಅನ್ನಿಸುತ್ತದೆ, ಬೇಕಾದಷ್ಟು ಕೊಟ್ಟಳು. ನಾನು ಅಂದೆ: "ಹುಲ್ಲು ಇರಬೇಕು."

ಅವಳು ಅಂಗೈ ಮುಚ್ಚಿಕೊಂಡಳು. ಮಾವ ಅವಳ ಕಡೆ ತಿರುಗಿ, ನಾನು ಅವರ ಬಾಯಲ್ಲಿ ಕೇಳಿರದಷ್ಟು ಗಟ್ಟಿಯಾಗಿ, "ಗೊತ್ತಿಲ್ದಿದ್ರೆ ಬಿಚ್ಬಾರ್ದವ್ವ. ಇನ್ಮ್ಯಾಕೆ ನೀನು ಇಂಜಿನ್ ಮುಟ್ಬ್ಯಾಡ. ದೊಡ್ಡೋಳೇ ನೋಡ್ಕಂತಾಳೆ" ಅಂದರು. ಮೈದುನ ಏನೋ ಹೇಳಲು ಬಾಯಿ ತೆರೆದ. ಅವಳು ಅವನ ತೋಳು ಮುಟ್ಟಿ ಸುಮ್ಮನಾಗಿಸಿದಳು.

ರಿಪೇರಿಗೆ ಹೋದ ಇಂಜಿನ್ನು ಬರಲು ಹನ್ನೆರಡು ದಿನವಾಯಿತು. ಅಷ್ಟು ದಿನ ನಾವಿಬ್ಬರೂ ಕೊಡದಲ್ಲಿ ನೀರು ಹೊತ್ತೆವು. ಬಾವಿಯ ಹತ್ತಿರದ ಆರು ಸಾಲು ಉಳಿದವು, ಮಿಕ್ಕದ್ದರ ಹೂವೆಲ್ಲ ಉದುರಿತು. ಎದುರುಬದುರು ಬದುವಿನ ಮೇಲೆ ಸಿಕ್ಕಾಗ ಅವಳು ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲುತ್ತಿದ್ದಳು.

ಹಗ್ಗ ನನ್ನ ಕೈಗೆ ಬಂತು. ಕೇಳಿದ್ದು ಸಿಕ್ಕಿತಲ್ಲ, ಇನ್ನೇನು ಬೇಕು? ರಿಪೇರಿಯಾಗಿ ಬಂದ ಮೊದಲ ದಿನ ಅದು ಮತ್ತೆ ಸತಾಯಿಸಿತು. ಕಾಯಿ ಬಿಡಿಸುತ್ತಿದ್ದ ಅವಳು ತಲೆ ಎತ್ತದೆಯೇ "ಅಕ್ಕಾ, ಚೋಕ್" ಅಂದಳು. ಗಾಳಿ ತಡೆಯುವ ಆ ಚೋಕ್ ಮುಚ್ಚಿ ಎಳೆದೆ, ಹೊರಟಿತು. ಮಾವ "ನೋಡ್ದಾ, ದೊಡ್ಡೋಳ ಕೈಗುಣ" ಅಂದರು. ಆಮೇಲೂ ಹಾಗೇ. ಅವಳು ದೂರದಲ್ಲಿ ಕಳೆ ಕೀಳುತ್ತಾ ಸದ್ದು ಕೇಳಿಯೇ "ಪ್ಲಗ್ಗು ಮಸಿ ಹಿಡಿದಿದೆ ಅಕ್ಕ", "ಎಣ್ಣೆ ಕಮ್ಮಿ ಇದೆ ನೋಡಿ" ಅನ್ನುವಳು. ಅದು ಪ್ರತಿ ಸಲವೂ ನಿಜವಾಗಿರುತ್ತಿತ್ತು. ಇಂಜಿನ್ನು ನನ್ನ ಕೈಯಲ್ಲಿ, ವಿದ್ಯೆ ಅವಳ ಕಿವಿಯಲ್ಲಿ. ಕಸಿದುಕೊಂಡ ಮೇಲೂ ಹೊಟ್ಟೆಕಿಚ್ಚು ಹೋಗದಿದ್ದರೆ ಅದಕ್ಕೆ ಏನು ಮದ್ದು ಅಂತ ನನಗೆ ತಿಳಿಯಲಿಲ್ಲ.

ಮೂರು ಬೇಸಿಗೆ ಹೀಗೇ ಹೋದವು. ಅಷ್ಟರಲ್ಲಿ ನಾನೂ ಕಲಿತಿದ್ದೆ, ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಕೂತು ತೆಂಗಿನ ಕಡ್ಡಿಯಲ್ಲಿ ರೆಕ್ಕೆಯ ಸಂದು ಶುದ್ಧ ಮಾಡುತ್ತಿದ್ದೆ. ಮಾವ ಪಕ್ಕದಲ್ಲಿ ಎಲೆಯಡಿಕೆ ಜಗಿಯುತ್ತಾ ಕೂತಿದ್ದವರು, ಏನೋ ನೆನಪಾದವರಂತೆ ಅಂದರು:

"ಈಗ ಗೋಣಿ ಹೊದಿಸಾಕಿಲ್ಲ ಅಲ್ವಾ?"

"ಗೊತ್ತಿತ್ತಾ ಮಾವ?"

"ಅವತ್ತು ಸಂಜೇನೇ ಬೇಲಿ ಅತ್ರ ಸುಟ್ ವಾಸ್ನೆ ಬಂತು. ಎಳ್ದು ನೋಡ್ದೆ."

"ಮತ್ತೆ ಅವಳನ್ನ ಯಾಕೆ ಬೈದ್ರಿ?"

ಅವರು ಎಲೆಯ ತೊಟ್ಟು ಕಿತ್ತು ಎಸೆದು, ನಿಧಾನವಾಗಿ ಹೇಳಿದರು. "ನಿನ್ನ ಬೈದಿದ್ರೆ ನಾಳೀಕೇ ಮನೆ ಎರಡಾಗೋದು. ನೀನು ತಡ್ಕಳೋಳಲ್ಲ. ಅವ್ಳು ತಡ್ಕಂತಾಳೆ ಅಂತ ಗೊತ್ತಿತ್ತು."

ನಾಚಿಕೆಯಾಗಬೇಕಿತ್ತು. ಆಯಿತು ಕೂಡ, ಆದರೆ ಆಮೇಲೆ. ಮೊದಲು ಎದ್ದದ್ದು ಅದೇ ಹಳೆಯ ಉರಿ. ನಾನು ಗೆದ್ದೆ ಅಂದುಕೊಂಡ ದಿನವೂ ಈ ಮುದುಕ ನಮ್ಮಿಬ್ಬರನ್ನೂ ಮನಸ್ಸಿನಲ್ಲೇ ತೂಗಿ, ತೂಕ ಅವಳದೇ ಅಂತ ತೀರ್ಮಾನಿಸಿದ್ದ. ನನಗೆ ಕೊಟ್ಟಿದ್ದು ಹಟ ಮಾಡುವ ಮಗುವಿಗೆ ಬೆಲ್ಲ ಕೊಟ್ಟ ಹಾಗೆ. ಮೂರು ವರ್ಷ ನಾನು ಅದನ್ನು ಚೀಪುತ್ತಾ ಕೂತಿದ್ದೆ.

ಹಗ್ಗ ತೆಗೆದುಕೊಂಡು ನೇರ ಮನೆಗೆ ಹೋದೆ. ಅವಳು ಹಿತ್ತಲಲ್ಲಿ ರಾಗಿ ಕೇರುತ್ತಿದ್ದಳು. ಮಾವ ಹೇಳಿದ್ದನ್ನು ಹೇಳಲಿಲ್ಲ. ಗೋಣಿಯ ವಿಷಯ ಮಾತ್ರ, ನಾನೇ ಹಾಕಿದ್ದು, ನಾನೇ ಸುಳ್ಳು ಹೇಳಿದ್ದು ಅಂತ ಅಂದೆ. ಅವಳು ಮೊರ ನಿಲ್ಲಿಸಲಿಲ್ಲ. ಹಗ್ಗವನ್ನು ಅವಳ ಮುಂದೆ ಹಿಡಿದೆ.

"ತಗೋ. ಇದು ನಿಂದೇ."

ಅವಳು ಮೊರ ಕೆಳಗಿಟ್ಟು ಹಗ್ಗವನ್ನು ನೋಡಿದಳು. ತುದಿಯ ಗಂಟು ಸವೆದಿರುವುದನ್ನು ಹೆಬ್ಬೆರಳಲ್ಲಿ ಮುಟ್ಟಿ ನೋಡಿದಳು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡಳು.

"ಅವತ್ತೇ ಕೊಟ್ಟಿದ್ರೆ ಇಸ್ಕೋತಿದ್ದೆ ಅಕ್ಕ" ಅಂದಳು. ಮತ್ತೆ ಮೊರ ಎತ್ತಿಕೊಂಡಳು.

ಹೊಲಕ್ಕೆ ನೀರು ಬಿಡಬೇಕಿತ್ತು, ಹಗ್ಗ ಹಿಡಿದುಕೊಂಡು ವಾಪಸ್ಸು ಬಾವಿಗೆ ಹೋದೆ.